ರಕ್ತ ಯಾರಿಗೆ ಬೇಕಿತ್ತು?

"ನಿಮ್ಮ ದೇವರಿಗೆ ಮಗನ ರಕ್ತವೇ ಬೇಕಾಯ್ತಾ?"

ಕೇಳಿದವನು ಶಿರಸಿಯ ಗೆಳೆಯ. ಮಾರಿಕಾಂಬೆ ಜಾತ್ರೆಗೆ ಕರೆದಿದ್ದ. ಬಿಡ್ಕಿಬೈಲಿನ ಗದ್ದುಗೆಯ ಹತ್ತಿರ ಜನರ ನಡುವೆ ನುಗ್ಗಿ, ಹೇಗೋ ಹೊರಬಂದು ಕಬ್ಬಿನಹಾಲು ಕುಡಿಯುತ್ತಾ ನಿಂತಿದ್ದೆವು. ಮಾತು ಕೋಣದ ಬಲಿಗೆ ಹೊರಳಿತು. ಹಿಂದೆ ಈ ಜಾತ್ರೆಯಲ್ಲಿ ಕೋಣ ಕಡಿಯುತ್ತಿದ್ದರು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ, ಪ್ರಾಣಿಬಲಿ ಕೊಡುವ ಗುಡಿಗೆ ತಾನು ಬರುವುದಿಲ್ಲ ಎಂದರು. ಆಮೇಲೆ ಬಲಿ ನಿಂತಿತು. ಗೆಳೆಯನಿಗೆ ಇದು ಹೆಮ್ಮೆಯ ವಿಷಯ. "ನಾವು ಕೋಣ ಬಿಟ್ಟು ಎಷ್ಟು ಕಾಲ ಆಯ್ತು! ನೀವು ನೋಡಿದ್ರೆ ಇನ್ನೂ ವಾರ ವಾರ ಬಲಿ, ರಕ್ತ, ಕುರಿಮರಿ ಅಂತಾನೇ ಇದ್ದೀರಲ್ಲ ಮಾರಾಯಾ" ಅಂದ.

ನಾನು ನಕ್ಕೆ, ಅವನೂ ನಕ್ಕ. ಆದರೆ ನಗುವಿನಲ್ಲಿ ತೇಲಿಸಿ ಬಿಡುವ ಪ್ರಶ್ನೆ ಅದಲ್ಲ. ನಾನು ಕಾರವಾರದ ಕಥೋಲಿಕ ಮನೆಯವನು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಕನ್ನಡದಲ್ಲಿ ನಮ್ಮ ಭಾನುವಾರದ ಪೂಜೆಗೆ ಬಲಿಪೂಜೆ ಎಂದೇ ಹೆಸರು. ಪ್ರಸಾದ ತೆಗೆದುಕೊಳ್ಳುವ ಮುಂಚೆ ಯೇಸುವನ್ನು ಲೋಕದ ಪಾಪ ಪರಿಹರಿಸುವ ದೇವರ ಕುರಿಮರಿ ಎಂದು ಕರೆದು ಹಾಡುತ್ತೇವೆ. ನಮಗೆ ಅಭ್ಯಾಸವಾಗಿದೆ. ಹೊರಗಿನವನು ಬೆಚ್ಚಿದರೆ ಅವನ ತಪ್ಪೇನು?

ನಿಜ ಹೇಳಬೇಕೆಂದರೆ, ಒಳಗಿನ ನಾನೂ ಚಿಕ್ಕಂದಿನಲ್ಲಿ ಬೆಚ್ಚಿದ್ದೆ. ದೊತೊರ್ನ್ ಅಂದರೆ ಮಕ್ಕಳ ಧರ್ಮಪಾಠ, ಆ ಕ್ಲಾಸಿನಲ್ಲಿ ಹೇಳಿಕೊಟ್ಟ ಲೆಕ್ಕ ಬಹಳ ಸುಲಭದ್ದು. ಮನುಷ್ಯ ಪಾಪ ಮಾಡಿದ. ದೇವರಿಗೆ ಸಿಟ್ಟು ಬಂತು. ಪಾಪಕ್ಕೆ ಶಿಕ್ಷೆ ಸಾವು, ಯಾರಾದರೂ ಸಾಯಲೇಬೇಕು. ಯೇಸು ನಮ್ಮ ಬದಲಿಗೆ ಸತ್ತರು. ದೇವರ ಸಿಟ್ಟು ಇಳಿಯಿತು. ಇದನ್ನು ಕೇಳಿದ ಮಗುವಿಗೆ ಯೇಸುವಿನ ಮೇಲೆ ಪ್ರೀತಿ ಹುಟ್ಟುತ್ತದೆ. ಅವರ ತಂದೆಯ ಮೇಲೆ ಮಾತ್ರ ಭಯ. ಹೊಡೆತ ಯಾರಿಗೆ ಬಿದ್ದರೂ ಸರಿ, ಬಿದ್ದರೆ ಸಾಕು ಅನ್ನುವ ಯಜಮಾನನ ಚಿತ್ರ ಅದು. ಈಗಲೂ ಎಷ್ಟೋ ಪ್ರವಚನಗಳಲ್ಲಿ ಇದೇ ಚಿತ್ರ ಬರುತ್ತದೆ. ಕೇಳಿ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಬೈಬಲ್ಲಿನಲ್ಲಿ ಇರುವುದು ಇಷ್ಟು ಸಪಾಟಾದ ಕಥೆಯಲ್ಲ.

ಯಾಜಕಕಾಂಡದ 16ನೇ ಅಧ್ಯಾಯವನ್ನೇ ನೋಡಿ. ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನ. ಯೆಹೂದ್ಯರು ಇವತ್ತಿಗೂ ಯೋಮ್ ಕಿಪ್ಪುರ್ ಎಂದು ಉಪವಾಸ ಮಾಡುವ ದಿನ. ಅಂದು ಮಹಾಯಾಜಕ ಬರೀ ನಾರಿನ ಬಟ್ಟೆ ಉಟ್ಟು ನಿಲ್ಲುತ್ತಾನೆ. ಮೊದಲು ತನ್ನ ಪಾಪಕ್ಕೆ ಒಂದು ಹೋರಿ. ಆಮೇಲೆ ಎರಡು ಹೋತ ತಂದು ಚೀಟಿ ಹಾಕುತ್ತಾನೆ. ಒಂದು ದೇವರಿಗೆ, ಒಂದು ಮರಳುಗಾಡಿನ ಭೂತವೆಂದು ಹಲವರು ಹೇಳುವ ಅಜಾಜೇಲನಿಗೆ. ದೇವರ ಪಾಲಿನದನ್ನು ಕೊಯ್ದು, ವರ್ಷದಲ್ಲಿ ಆ ಒಂದು ದಿನ ಮಾತ್ರ ಹೊಗಬಹುದಾದ ಒಳಗುಡಿಗೆ ಅದರ ರಕ್ತವನ್ನು ಒಯ್ದು ಚಿಮುಕಿಸುತ್ತಾನೆ. ಇನ್ನೊಂದರ ತಲೆಯ ಮೇಲೆ ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲ ಬಾಯಿಬಿಟ್ಟು ಹೇಳುತ್ತಾನೆ.

ಪಾಪ ಹೊತ್ತುಕೊಂಡ ಈ ಎರಡನೇ ಹೋತವನ್ನು ಕೊಲ್ಲುವುದಿಲ್ಲ. ಜೀವಂತವಾಗಿ ಮರಳುಗಾಡಿಗೆ ಅಟ್ಟುತ್ತಾರೆ. ಕೊಯ್ದ ಹೋತದ ತಲೆಯ ಮೇಲೆ ಯಾರೂ ಪಾಪ ಹೊರಿಸಿಲ್ಲ. ಅದರ ರಕ್ತ ಇರುವುದು ಗುಡಿಯನ್ನು ಶುದ್ಧ ಮಾಡಲು. ನಮ್ಮ ಬದಲಿಗೆ ಏಟು ತಿನ್ನುವ ಪ್ರಾಣಿ ಎಂಬ ದೊತೊರ್ನಿನ ಲೆಕ್ಕ ಇಲ್ಲಿ ತಾಳೆಯೇ ಆಗುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ದೇವರು ಇನ್ನೊಂದು ಮಾತು ಹೇಳುತ್ತಾರೆ: ಜೀವ ಇರುವುದು ರಕ್ತದಲ್ಲಿ, ಅದನ್ನು ವೇದಿಯ ಮೇಲೆ ನಿಮಗೆ ಕೊಟ್ಟವನು ನಾನೇ. ಕೊಡುವ ಕೈ ಮೇಲಿನದು, ಪಡೆಯುವ ಕೈ ನಮ್ಮದು. 50ನೇ ಕೀರ್ತನೆಯಲ್ಲಂತೂ ದೇವರು ಹೆಚ್ಚುಕಮ್ಮಿ ಗದರಿಸುತ್ತಾರೆ. ನನಗೆ ಹಸಿವಾದರೆ ನಿನ್ನ ಹತ್ತಿರ ಕೇಳುತ್ತೇನಾ, ಲೋಕವೇ ನನ್ನದಲ್ಲವಾ ಎಂದು. ನನಗೆ ಬೇಕಾದ್ದು ಬಲಿಯಲ್ಲ, ಕರುಣೆ ಎಂಬ ಹೊಶೇಯ ಪ್ರವಾದಿಯ ಮಾತನ್ನು ಮತ್ತಾಯನ ಸುವಾರ್ತೆಯಲ್ಲಿ ಯೇಸು ಎರಡು ಸಲ ನೆನಪಿಸುತ್ತಾರೆ. ಕೋಣದ ವಿಷಯದಲ್ಲಿ ಗಾಂಧೀಜಿ ಆಡಿದ ಮಾತಿಗೂ ಇದಕ್ಕೂ ಜಾಸ್ತಿ ದೂರ ಇಲ್ಲ.

ಇನ್ನೊಂದು ಸಂಗತಿಯನ್ನು ನಾವು ಸುಮ್ನೆ ದಾಟಿಹೋಗುತ್ತೇವೆ. ಯೇಸು ಸತ್ತದ್ದು ದೋಷಪರಿಹಾರದ ದಿನದಂದು ಅಲ್ಲ, ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿಗೆ. ಪಾಸ್ಕದ ಕುರಿಮರಿ ಪಾಪಕ್ಕೆ ಕೊಡುವ ಬಲಿ ಅಲ್ಲವೇ ಅಲ್ಲ. ಅದು ಐಗುಪ್ತದಿಂದ ಗುಲಾಮರು ಎದ್ದು ಹೊರಟ ರಾತ್ರಿಯ ಊಟ. ಬಾಗಿಲ ಚೌಕಟ್ಟಿಗೆ ಅದರ ರಕ್ತ ಬಳಿದು, ಸೊಂಟ ಕಟ್ಟಿಕೊಂಡು, ಕೋಲು ಹಿಡಿದು, ಅವಸರದಲ್ಲಿ ತಿಂದ ಊಟ. ಯೇಸು ಸಾಯುವ ಹಿಂದಿನ ರಾತ್ರಿ ರೊಟ್ಟಿ ಮುರಿದು, ಇದು ನಿಮಗಾಗಿ ಎಂದದ್ದು ಆ ಹಬ್ಬದ ದಿನಗಳಲ್ಲಿ. ಅಂದರೆ ತನ್ನ ಸಾವನ್ನು ಎಲ್ಲಿಟ್ಟು ನೋಡಬೇಕು ಅನ್ನುವುದನ್ನು ಅವರೇ ತೋರಿಸಿ ಹೋದರು. ಪಾಪದ ಕ್ಷಮೆಯೂ ಅದರೊಳಗಿದೆ, ಆದರೆ ಬಿಡುಗಡೆಯ ಕಥೆಯ ಒಳಗೆ.

ಮಾರ್ಕನ ಸುವಾರ್ತೆಯಲ್ಲಿ ಯೇಸು ತಮ್ಮ ಪ್ರಾಣವನ್ನು ಅನೇಕರ ಬಿಡುಗಡೆಗೆ ಈಡಾಗಿ ಕೊಡಲು ಬಂದೆ ಎನ್ನುತ್ತಾರೆ. ಆ ಕಾಲದಲ್ಲಿ ಈಡು ಕೊಟ್ಟು ಬಿಡಿಸುತ್ತಿದ್ದುದು ಗುಲಾಮರನ್ನು, ಸೆರೆಯಾಳುಗಳನ್ನು. ನಮ್ಮ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಗಳಲ್ಲಿ ಬಹಳಷ್ಟು ಜನರ ಪೂರ್ವಿಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇವತ್ತು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮಂತೆ ಕಥೋಲಿಕರೂ ಇದ್ದಾರೆ. ಅವರ ಅಜ್ಜ-ಮುತ್ತಜ್ಜರನ್ನು ಮಾರಿದವರು, ಕೊಂಡವರು ಕೂಡ ಶುಭ ಶುಕ್ರವಾರ ಶಿಲುಬೆಯ ಮುಂದೆ ಮೊಣಕಾಲೂರಿದವರೇ. ಸೋಮವಾರ ಮತ್ತೆ ಸಂತೆಗೆ ಹೋದರು. ಬಿಡುಗಡೆ ಎಂದರೆ ಆತ್ಮದ್ದು ಮಾತ್ರ, ಮೈಯದ್ದಲ್ಲ ಎಂದು ಅವರಿಗೆ ಯಾರೋ ಚೆನ್ನಾಗಿ ಹೇಳಿಕೊಟ್ಟಿರಬೇಕು.

ಸರಿ, ಈಡು ಕೊಟ್ಟರು. ಯಾರಿಗೆ?

ಈ ಪ್ರಶ್ನೆಗೆ ನಾಲ್ಕನೇ ಶತಮಾನದ ಬಿಷಪ್ ನಿಸ್ಸದ ಗ್ರೆಗೊರಿ ಕೊಟ್ಟ ಉತ್ತರ ನಮ್ಮ ಬೈತಖೋಲ ಬಂದರಿನಲ್ಲಿ ಹೇಳಿದರೆ ಎಲ್ಲರಿಗೂ ತಟ್ಟನೆ ಹಿಡಿಸುತ್ತದೆ. ಮನುಷ್ಯರು ಸೈತಾನನ ಕೈಯಲ್ಲಿ ಸಿಕ್ಕಿಬಿದ್ದಿದ್ದರು. ದೇವರು ಗಾಳ ಹಾಕಿದರು. ಯೇಸುವಿನ ಮನುಷ್ಯ ದೇಹವೇ ಗಾಳದ ಎರೆ, ಒಳಗೆ ಅಡಗಿದ ದೈವತ್ವವೇ ಕೊಕ್ಕೆ. ಹೊಟ್ಟೆಬಾಕ ಸೈತಾನ ಎರೆ ನೋಡಿ ಗಬಕ್ಕನೆ ನುಂಗಿದ. ಕೊಕ್ಕೆ ಗಂಟಲಿಗೆ ಸಿಕ್ಕಿತು. ಕಥೆ ಮಜವಾಗಿದೆ. ಆದರೆ ದೇವರು ಮೋಸ ಮಾಡಿ ಗೆದ್ದರು ಅಂದ ಹಾಗಾಗುತ್ತದೆ ಅಲ್ವಾ? ಅದೇ ಕಾಲದ, ಅದೇ ಕಪ್ಪದೋಕ್ಯ ಸೀಮೆಯ (ಈಗಿನ ಟರ್ಕಿಯಲ್ಲಿದೆ), ಅದೇ ಹೆಸರಿನ ಇನ್ನೊಬ್ಬರು ನಜಿಯಾಂಜಿನ ಗ್ರೆಗೊರಿ. ಅವರಿಗೆ ಈ ಲೆಕ್ಕವೇ ಸರಿಬರಲಿಲ್ಲ. ದರೋಡೆಕೋರನಿಗೆ ದೇವರನ್ನೇ ಈಡಾಗಿ ಕೊಡುವುದಾ, ಛೀ ಎಂದರು. ತಂದೆಗೆ ಕೊಟ್ಟದ್ದು ಎನ್ನೋಣವೆಂದರೆ, ನಮ್ಮನ್ನು ಸೆರೆಯಲ್ಲಿ ಇಟ್ಟವರು ತಂದೆಯಲ್ಲವಲ್ಲ. ಅದೂ ಅಲ್ಲದೆ, ಅಬ್ರಹಾಮ ತನ್ನ ಮಗ ಇಸಾಕನನ್ನು ಕೊಡಲು ಬಂದಾಗಲೇ ಬೇಡವೆಂದು, ಬದಲಿಗೆ ಟಗರು ತೋರಿಸಿದ ದೇವರು ಸ್ವಂತ ಮಗನ ರಕ್ತದಿಂದ ಹೇಗೆ ಸಂತೋಷಪಟ್ಟಾರು ಎಂದು ಕೇಳಿದರು.

ಶಿರಸಿಯ ಜಾತ್ರೆಯಲ್ಲಿ ನಾನು ಕೇಳಿಸಿಕೊಂಡ ಪ್ರಶ್ನೆಯನ್ನು ಒಬ್ಬ ಬಿಷಪ್ಪೇ 1,600 ವರ್ಷಗಳ ಹಿಂದೆ ಕೇಳಿಟ್ಟಿದ್ದರು. ಇದನ್ನು ಯಾರೂ ನಮಗೆ ದೊತೊರ್ನಿನಲ್ಲಿ ಹೇಳಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರಲ್ಲಿ ಬರೆದು ಮುಗಿಸಿದ ಲೆಕ್ಕ ಅವರ ಕಾಲದ ಒಡೆಯ-ಒಕ್ಕಲು ಲೋಕದ್ದು. ಪಾಪ ಎಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೇ ಇರುವುದು. ಅದನ್ನು ತುಂಬಿಕೊಡಬೇಕು, ಇಲ್ಲವಾದರೆ ಶಿಕ್ಷೆ. ಕ್ರಿಸ್ತರು ತುಂಬಿಕೊಟ್ಟರು, ಹಾಗಾಗಿ ಶಿಕ್ಷೆ ಬೇಕಾಗಲಿಲ್ಲ. ಗಮನಿಸಿ, ಆನ್ಸೆಲ್ಮ್ ಪ್ರಕಾರ ಕ್ರಿಸ್ತರಿಗೆ ಶಿಕ್ಷೆ ಆದದ್ದಲ್ಲ. ನಮ್ಮ ಶಿಕ್ಷೆಯನ್ನು ಅವರು ಅನುಭವಿಸಿದರು ಎಂದು ಕೋರ್ಟಿನ ಭಾಷೆಯಲ್ಲಿ ಗಟ್ಟಿಮಾಡಿದವರು 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು, ಮುಖ್ಯವಾಗಿ ಕಾನೂನು ಓದಿದ್ದ ಕ್ಯಾಲ್ವಿನ್. ನಡುವೆ ಫ್ರಾನ್ಸಿನ ಅಬೆಲಾರ್ಡ್, ಶಿಲುಬೆ ಬದಲಾಯಿಸುವುದು ದೇವರ ಮನಸ್ಸನ್ನಲ್ಲ, ಅಷ್ಟು ಪ್ರೀತಿ ಕಂಡು ಕರಗಬೇಕಾದ್ದು ನಮ್ಮ ಮನಸ್ಸು ಎಂದರು. ಕ್ರಿಸ್ತರು ದೇವರೂ ಮನುಷ್ಯರೂ ಆಗಿರುವುದು ಹೇಗೆ ಎನ್ನುವುದಕ್ಕೆ 451ರ ಕಲ್ಸೆದೋನ್ ಮಹಾಸಭೆ ಒಂದೊಂದು ಮಾತನ್ನೂ ತೂಗಿ ಬರೆಯಿತು. ಅವರ ಸಾವು ನಮ್ಮನ್ನು ಉಳಿಸುವುದು ಹೇಗೆ ಎನ್ನುವುದಕ್ಕೆ ಅಂಥ ಒಂದೇ ಸೂತ್ರವನ್ನು ಆ ಹಳೆಯ ಮಹಾಸಭೆಗಳು ಕಟ್ಟಿಕೊಡಲಿಲ್ಲ. ನಿಸೇಯದ ವಿಶ್ವಾಸಸೂತ್ರದಲ್ಲಿ "ನಮಗಾಗಿ" ಎಂದಿದೆ. ಅಷ್ಟೇ. ನನಗೆ ಈ ಮೌನ ಇಷ್ಟ.

ಹಾಗಂತ ನನಗೊಂದು ಅಭಿಪ್ರಾಯ ಇಲ್ಲ ಅಂತಲ್ಲ. ಅದು ಬಂದದ್ದು ಬೋಟಿನ ಲೆಕ್ಕದ ಪಟ್ಟಿಯಿಂದ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಮೀನು ಹಿಡಿಯುವ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಆಗಸ್ಟಿನ ಹಂಗಾಮು ಶುರುವಾಗುವ ಮುಂಚೆ ಖಲಾಸಿಗಳಿಗೆ ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳಬೇಕು. ನಮ್ಮ ಸಂಬಂಧಿಕರೊಬ್ಬರ ಬೋಟಿನ ಖಲಾಸಿ ಒಬ್ಬ ಮುಂಗಡ ತೆಗೆದುಕೊಂಡು ನಾಪತ್ತೆಯಾದ. ಬೇರೆ ಬಂದರಿನಲ್ಲಿ ಬೇರೆ ಬೋಟು ಹತ್ತಿದ್ದ. ಕಾಲ ಕಳೆದು, ಮೈ ಇಳಿದು, ಕೆಲಸ ಕೇಳಿಕೊಂಡು ಅದೇ ಮನೆಯ ಜಗಲಿಗೆ ಬಂದು ನಿಂತ. ನಾನು ಅಲ್ಲೇ ಕೂತಿದ್ದೆ. ಧಣಿ ಒಂದೂ ಮಾತಾಡದೆ ಪಟ್ಟಿ ತೆರೆದು ಅವನ ಹೆಸರಿನ ಪುಟ ಹುಡುಕಿದರು. ಮೇಲಿನಿಂದ ಕೆಳಗೆ ಓರೆಯಾಗಿ ಗೆರೆ ಎಳೆಯಲು ಹೋದರೆ ಪೆನ್ನು ಮೂಡಲಿಲ್ಲ. ಅಂಚಿನಲ್ಲಿ ಗೀಚಿ ಗೀಚಿ, ಊದಿ, ಮತ್ತೆ ಎಳೆದರು. "ನಾಳೆ ಬಾ" ಅಂದರು. ಒಳಗೆ ಅವರ ಹೆಂಡತಿ ಪಾತ್ರೆ ಕುಕ್ಕಿದ್ದು ಕೇಳಿಸಿತು. ಅವನ ಮುಂಗಡ ಮುಳುಗಿದ ವರ್ಷ ಡೀಸೆಲ್ ದುಡ್ಡಿಗೆ ಅಡವಿಗೆ ಹೋದದ್ದು ಆಕೆಯ ಬಳೆ.

ಗೆರೆ ಎಳೆದ ಕೂಡಲೇ ದುಡ್ಡು ಆವಿಯಾಗಲಿಲ್ಲ. ಅವನ ಲೆಕ್ಕದಿಂದ ಇವರ ಲೆಕ್ಕಕ್ಕೆ ಬಂತು. ಕ್ಷಮೆ ಬಿಟ್ಟಿ ಅಂತ ನಮಗೆ ಅನ್ನಿಸುವುದು ನಾವು ಪಡೆಯುವ ಕಡೆ ನಿಂತಿರುವುದರಿಂದ. ಕೊಡುವ ಕಡೆ ಯಾರಾದರೂ ಅದರ ಬೆಲೆ ತೆತ್ತೇ ಇರುತ್ತಾರೆ. ಶಿಲುಬೆಯ ಮೇಲೆ ನನಗೆ ಕಾಣುವುದು ಅದು. ದೇವರು ಕ್ಷಮಿಸಲು ಯಾರದೋ ಪ್ರಾಣವನ್ನು ಬೆಲೆಯಾಗಿ ಕೇಳಲಿಲ್ಲ. ಕ್ಷಮಿಸುವುದರ ಬೆಲೆಯನ್ನು ತಾವೇ ಹೊತ್ತರು.

ಇಲ್ಲಿ ಒಂದು ಗಂಟು ಸಡಿಲವಾದರೆ ಎಲ್ಲ ಬಿಚ್ಚಿಹೋಗುತ್ತದೆ. ಆ ಧಣಿ ಪಕ್ಕದ ಮನೆಯ ಹುಡುಗನನ್ನು ಎಳೆತಂದು, ಇವನ ಸಾಲ ನೀನು ಕಟ್ಟು ಅಂದಿದ್ದರೆ ಅದು ಶುದ್ಧ ಅನ್ಯಾಯ. ಕ್ರಿಸ್ತರು ಹಾಗೆ ಎಳೆತಂದ ಮೂರನೆಯವರಾದರೆ ಗೆಳೆಯನ ಪ್ರಶ್ನೆಗೆ ಉತ್ತರವೇ ಇಲ್ಲ. ಅವರು ಮೂರನೆಯವರಲ್ಲ ಅನ್ನುವುದೇ ಕ್ರೈಸ್ತ ನಂಬಿಕೆಯ ತಿರುಳು. ದೇವರು ಕ್ರಿಸ್ತರಲ್ಲಿದ್ದು ಲೋಕವನ್ನು ತಮ್ಮೊಂದಿಗೆ ರಾಜಿ ಮಾಡಿಕೊಂಡರು ಎನ್ನುತ್ತಾರೆ ಪೌಲ, ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ. ಸಿಟ್ಟಾದ ತಂದೆ ಒಂದು ಕಡೆ, ಮೆತ್ತಗಿನ ಮಗ ಇನ್ನೊಂದು ಕಡೆ ಎಂದು ಸೀಳಿದ ಕೂಡಲೇ ನಾವು ಬೇರೆಯೇ ಧರ್ಮವನ್ನು ಹೇಳುತ್ತಿದ್ದೇವೆ.

ಆದರೂ ಎಲ್ಲ ಸಲೀಸಾಗಿ ಕೂರುವುದಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸು, ಸಾಧ್ಯವಾದರೆ ಈ ಯಾತನೆಯ ಬಟ್ಟಲು ನನ್ನಿಂದ ದೂರ ಹೋಗಲಿ ಎಂದು ಬೇಡಿಕೊಂಡರು. ಶಿಲುಬೆಯ ಮೇಲೆ, ನನ್ನನ್ನು ಯಾಕೆ ಕೈಬಿಟ್ಟೆ ಎಂದು ಕೂಗಿದರು. 22ನೇ ಕೀರ್ತನೆಯ ಮೊದಲ ಸಾಲು ಅದು, ಕೊನೆಗೆ ಅದು ಸ್ತುತಿಯಾಗಿ ಮುಗಿಯುತ್ತದೆ ಎಂದು ಪಂಡಿತರು ಸಮಾಧಾನ ಹೇಳುತ್ತಾರೆ. ಇರಬಹುದು. ಮಾರ್ಕ ಬರೆದದ್ದು ಮೊದಲ ಸಾಲು ಮಾತ್ರ.

ಕಾರವಾರದಲ್ಲಿ ಶುಭ ಶುಕ್ರವಾರದ ಮಧ್ಯಾಹ್ನ ಎಂದರೆ ಉರಿಬಿಸಿಲು. ಮನೆಯಲ್ಲಿ ಗಂಜಿ, ಉಪ್ಪಿನಕಾಯಿ. ವರ್ಷದಲ್ಲಿ ಬಲಿಪೂಜೆ ಇಲ್ಲದ ದಿನ ಅದು. ಗುರುವಾರ ರಾತ್ರಿಯಿಂದ ಗಂಟೆ ಬಾರಿಸುವಂತಿಲ್ಲ, ಮರದ ಗಿಲಕಿಯ ಕಟಕಟ ಸದ್ದು ಮಾತ್ರ. ವೇದಿಯ ಮೇಲೆ ಬಟ್ಟೆಯೂ ಇಲ್ಲ, ಹೂವೂ ಇಲ್ಲ. ಕೆಂಪು ಉಡುಪಿನ ಪಾದ್ರಿ ಬಂದವರೇ ನೆಲದ ಮೇಲೆ ಬೋರಲು ಮಲಗುತ್ತಾರೆ. ಆಮೇಲೆ ಯೊವಾನ್ನನ ಸುವಾರ್ತೆಯಿಂದ ಯಾತನೆಯ ಕಥೆ, ಪಾಲು ಹಂಚಿಕೊಂಡು ಓದುವುದು. ಅದರಲ್ಲಿ ಜನರ ಗುಂಪಿನ ಪಾಲು ನಮ್ಮದು. ಅಂದರೆ "ಅವನನ್ನು ಶಿಲುಬೆಗೇರಿಸಿ" ಎಂದು ಕೂಗಬೇಕಾದವರು ನಾವು. ಪಕ್ಕದಲ್ಲಿ ನಿಂತ ಅಜ್ಜಿಯೊಬ್ಬರು ಆ ಸಾಲು ಬಂದಾಗ ಬಾಯಿ ಬಿಗಿಹಿಡಿದು ಸುಮ್ಮನಾಗುವುದನ್ನು ನೋಡಿದ್ದೇನೆ. ನಂತರ ಶಿಲುಬೆಗೆ ಮುತ್ತಿಡಲು ಸಾಲು. ಒಬ್ಬೊಬ್ಬರು ಮುತ್ತಿಟ್ಟ ಮೇಲೂ ಹುಡುಗನೊಬ್ಬ ಬಿಳಿ ಬಟ್ಟೆಯಿಂದ ಪಾದ ಒರೆಸುತ್ತಾನೆ. ಬೆವರು, ಎಣ್ಣೆ, ಕುಂಕುಮ ಎಲ್ಲ ಆ ಬಟ್ಟೆಗೆ. ಹೌದು, ಕುಂಕುಮವೂ. ಅಂದು ನಮ್ಮ ಇಗರ್ಜಿಗೆ ನಮ್ಮವರಷ್ಟೇ ಬರುವುದಿಲ್ಲ.

ಯೇಸುವನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ನಮ್ಮ ಸಭೆ ಬಹಳ ಕಾಲ ಕೆಟ್ಟ ಉತ್ತರ ಕೊಟ್ಟಿತು. ಯೆಹೂದ್ಯರ ಮೇಲೆ ಹಾಕಿತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲೇ ಅವರನ್ನು ಹೀಗಳೆಯುವ ಶಬ್ದವೊಂದಿತ್ತು. ಅದನ್ನು ತೆಗೆಸಿದವರು 23ನೇ ಜಾನ್ ಪೋಪ್, 1959ರಲ್ಲಿ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆ ಆರೋಪವನ್ನೇ ತಳ್ಳಿಹಾಕಿತು. ಅಷ್ಟು ಹೊತ್ತಿಗೆ ಯುರೋಪಿನಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು. ಕಥೆಯನ್ನು ನೆಟ್ಟಗೆ ಓದಿದರೆ ಕೊಂದದ್ದು ಕಾಣುತ್ತದೆ: ಹೆದರಿದ ಅಧಿಕಾರಿ, ಕುರ್ಚಿ ಕಾಯುವ ಪುರೋಹಿತರು, ಉಬ್ಬಿಸಿದ ಗುಂಪು, ಓಡಿಹೋದ ಗೆಳೆಯರು. ಮೊಳೆ ಹೊಡೆದ ಕೈಗಳೆಲ್ಲ ಮನುಷ್ಯರವೇ. ಆ ಕೊಲೆಯನ್ನು ದೇವರು ಕ್ಷಮೆಯ ದಾರಿ ಮಾಡಿಕೊಂಡರು ಎನ್ನುವುದು ಒಂದು. ದೇವರೇ ಕೊಲೆ ಮಾಡಿಸಿದರು ಎನ್ನುವುದು ಪೂರಾ ಬೇರೆ.

ಈ ವ್ಯತ್ಯಾಸ ಪಂಡಿತರ ಜಗಳ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕಡೆಯ ಹೆಂಗಸೊಬ್ಬರು ಗಂಡನ ಹೊಡೆತ ತಾಳಲಾಗದೆ ಸಲಹೆ ಕೇಳಲು ಹೋದಾಗ ಸಿಕ್ಕ ಉತ್ತರ: "ಯೇಸು ನಮಗಾಗಿ ಎಷ್ಟು ಸಹಿಸಿಕೊಂಡ್ರು, ನೀನೂ ನಿನ್ನ ಶಿಲುಬೆ ಹೊರು." ಹೇಳಿದವರು ಒಳ್ಳೆಯವರೇ. ಆದರೆ ನೋವನ್ನೇ ದೇವರು ಇಷ್ಟಪಡುತ್ತಾರೆ ಎಂಬ ಪಾಠ ಒಮ್ಮೆ ತಲೆಯಲ್ಲಿ ಕೂತರೆ ಬಾಯಿಂದ ಬರುವುದು ಇಂಥದ್ದೇ. ಯೇಸು ಹೊತ್ತ ಶಿಲುಬೆ ಏಟು ಕೊಡುವವನಿಗೆ ಲೈಸೆನ್ಸ್ ಅಲ್ಲ. ಆಕೆ ಆಮೇಲೆ ಮನೆ ಬಿಟ್ಟು ಬಂದರು. ಸರಿಯಾದದ್ದನ್ನೇ ಮಾಡಿದರು.

ಅದೇ ರೀತಿ, ಕ್ಷಮೆ ಸಿಕ್ಕಿತು ಎಂದು ಕೈ ತೊಳೆದುಕೊಳ್ಳುವವರೂ ನಮ್ಮಲ್ಲಿ ಇದ್ದಾರೆ. ಈಸ್ಟರ್ ಹಬ್ಬದ ಮುಂಚೆ ಒಂದು ಕುಮ್ಸಾರ್ (ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವುದು), ಪಾದ್ರಿ ಹೇಳಿದ ನಾಲ್ಕು ಪ್ರಾರ್ಥನೆ, ಲೆಕ್ಕ ಚುಕ್ತಾ. ಲೂಕನ ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯ ಹಾಗ್ಯಾಕೆ ಮಾಡಲಿಲ್ಲ? ಯೇಸು ಬಂದದ್ದು ಅವನ ಮನೆಗೆ ಅತಿಥಿಯಾಗಿ. ಒಂದು ರೂಪಾಯಿಯನ್ನೂ ಕೇಳಲಿಲ್ಲ. ಇವನೇ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಹೊಡೆದದ್ದಕ್ಕೆ ನಾಲ್ಕು ಪಟ್ಟು ವಾಪಸ್ ಅಂದ. ಕ್ಷಮೆ ಮೊದಲು ಬಂತು, ದುಡ್ಡು ಆಮೇಲೆ. ಕದ್ದದ್ದನ್ನು ಹಿಂದಿರುಗಿಸಬೇಕು ಎಂದು ಕಥೋಲಿಕ ಸಭೆ ಇವತ್ತಿಗೂ ಕಲಿಸುತ್ತದೆ. ಹಿಂದಿರುಗಿಸಿದ್ದನ್ನು ನೋಡುವುದು ಅಪರೂಪ.

ಶುಕ್ರವಾರ ಆದಮೇಲೆ ಶನಿವಾರ ರಾತ್ರಿ ದೊಡ್ಡ ಮೇಣದ ಬತ್ತಿ ಹಚ್ಚಿ ಒಂದು ಹಳೆಯ ಹಾಡು ಹಾಡುತ್ತಾರೆ. ಆದಾಮನ ಪಾಪವೇ, ನೀನು ಧನ್ಯ, ನಿನ್ನಿಂದಲೇ ನಮಗೆ ಇಂಥ ದೊಡ್ಡ ರಕ್ಷಕ ಸಿಕ್ಕರು ಎಂಬರ್ಥದ ಸಾಲೊಂದು ಅದರಲ್ಲಿದೆ. ರಾಗ ಚೆಂದ. ಆದರೆ ಪಾಪ ಧನ್ಯ ಎನ್ನುವಾಗ ನನಗೆ ಹೊಡೆತ ತಿಂದ ಆ ಹೆಂಗಸು ನೆನಪಾಗುತ್ತಾರೆ, ಗೋವೆಯ ಸಂತೆಯಲ್ಲಿ ನಿಂತ ಸಿದ್ದಿಗಳು ನೆನಪಾಗುತ್ತಾರೆ. ಅವರ ಮುಂದೆ ನಿಂತು ಈ ಸಾಲು ಹಾಡಲು ಆಗುತ್ತಾ? ಒಮ್ಮೆ ಪರಿಚಯದ ಪಾದ್ರಿಯೊಬ್ಬರಿಗೆ ಇದನ್ನೇ ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಅದಕ್ಕೇ ಅದನ್ನು ವರ್ಷಕ್ಕೆ ಒಂದೇ ರಾತ್ರಿ ಹಾಡೋದು, ಅದೂ ಶುಕ್ರವಾರ ಕಳೆದ ಮೇಲೆ" ಎಂದರು.